ಮೊದಲ ಪುಟದಲ್ಲಿ ಬಂಧುಬಳಗ

ಜಯನಗರದ ಅಡ್ಡರಸ್ತೆಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟಾಗ ಗೇಟುಗಳನ್ನು ಓದುವುದು ನನ್ನ ಹಳೆಯ ಚಟ. ಯಜಮಾನರ ಹೆಸರು, ಅವರ ಪದವಿ, ಪದವಿಯ ಮಗ್ಗುಲಿಗೆ ಸಣ್ಣ ಅಕ್ಷರದಲ್ಲಿ ‘ನಿವೃತ್ತ’, ಅದರ ಕೆಳಗೆ ನಾಯಿಯ ಬಗ್ಗೆ ಎಚ್ಚರಿಕೆ, ಅದಕ್ಕೂ ಕೆಳಗೆ ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದೆಂಬ ಅಭಯವಚನ. ಇಷ್ಟನ್ನೂ ಓದಿ ಮುಗಿಸುವ ಹೊತ್ತಿಗೆ ಒಳಗಿರುವವರನ್ನು ಕಾಣುವ ಆಸೆ ಬತ್ತಿಹೋಗಿರುತ್ತದೆ. ಅಪರಿಚಿತರಿಗೆ ಮೊದಲ ಮಾತನ್ನು ನಾವು ಇಷ್ಟು ಕೆಟ್ಟದಾಗಿ ಏಕೆ ಆಡುತ್ತೇವೆಂದು ನಾನು ಬಹಳ ಕಾಲ ನಗುತ್ತಿದ್ದೆ. ನಮ್ಮ ಮನೆಗೇ ಒಂದು ವೆಬ್‌ಸೈಟ್ ಬಂದ ಮೇಲೆ ಆ ನಗು ನಿಂತಿತು.

ವೆಬ್‌ಸೈಟ್ ನನ್ನದಲ್ಲ, ನನ್ನ ಹೆಂಡತಿ ಲಲಿತೆಯದು. ಮದುವೆಯ ತಟ್ಟೆಗಳಲ್ಲಿ ಜೋಡಿಸಿಡುವ ಕೊಬ್ಬರಿ ಗಿಟುಕುಗಳ ಮೇಲೆ ನವಿಲು, ಕಮಲ, ಶಂಖಗಳನ್ನು ಕೆತ್ತಿ ಬಣ್ಣ ತುಂಬುವುದರಲ್ಲಿ ಅವಳದು ಎತ್ತಿದ ಕೈ. ಅವಳ ಕೊಬ್ಬರಿಯಿಲ್ಲದೆ ನಮ್ಮ ಬಂಧುವರ್ಗದಲ್ಲಿ ಮದುವೆ ನಡೆದದ್ದಿಲ್ಲ, ಹೊಗಳಿಕೆಗೂ ಬರವಿಲ್ಲ. “ಹೊಗಳದೆ ಏನ್ಮಾಡ್ತಾರೆ, ನಮ್ಮೋರೇ ಅಲ್ವಾ?” ಎನ್ನುತ್ತಿದ್ದಳು. ಗುರುತು ಪರಿಚಯವಿಲ್ಲದ ಯಾರಾದರೊಬ್ಬರು ಬರೀ ಕೆಲಸವನ್ನು ನೋಡಿ, ಮೆಚ್ಚಿ, ತಾವಾಗಿ ಕೇಳಿಕೊಂಡು ಬರಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕಾಗಿಯೇ ಈ ವೆಬ್‌ಸೈಟು.

ಅವಳ ಅಣ್ಣನ ಮಗಳು ಮೇಘನಾ ಬಿಟಿಎಂ ಲೇಔಟಿನಲ್ಲಿ ಇಂಥ ಪುಟಗಳನ್ನು ರೂಪಿಸುವುದನ್ನೇ ವೃತ್ತಿ ಮಾಡಿಕೊಂಡವಳು. “ಮಾವ, ಮೊದಲ ಪುಟ ತೆಗೆದ ತಕ್ಷಣ ಅತ್ತೆ ಏನ್ ಮಾಡ್ತಾರೆ ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ಜನ ಬೆರಳಲ್ಲಿ ತಳ್ಳಿ ಮುಂದೆ ಹೋಗ್ಬಿಡ್ತಾರೆ,” ಎಂದಳು. ಕನ್ನಡ ಮೇಷ್ಟರಾಗಿದ್ದ ನಾನು ಆ ಬೆರಳನ್ನೇ ಕಟ್ಟಿಹಾಕುವ ಪಣ ತೊಟ್ಟು ಒಂದು ಸ್ವಾಗತ ಗದ್ಯ ಬರೆದೆ. ‘ಕಲಾರಸಿಕರೇ’ ಎಂದು ಆರಂಭವಾಗುವ ಅದರಲ್ಲಿ ಮೊದಲ ಕ್ರಿಯಾಪದ ಸಿಗುವಷ್ಟರಲ್ಲಿ ಓದುಗನಿಗೆ ಒಂದು ಲೋಟ ನೀರು ಬೇಕಾಗುತ್ತಿತ್ತು.

ಭಾನುವಾರ ಊಟಕ್ಕೆ ಸೇರಿದ ನೆಂಟರು ನನಗಿಂತ ಕಡಿಮೆಯವರಲ್ಲ. ಗಣಪತಿಯಿಲ್ಲದೆ ಯಾವ ಶುಭಕಾರ್ಯ ಎಂದು ಭಾವ ಚೆಂಡುಹೂವಿನ ಅಂಚಿನ ಗಣಪತಿಯನ್ನು ಪುಟದ ತಲೆಗೆ ಕೂರಿಸಿದರು. ಕತ್ರಿಗುಪ್ಪೆಯ ನಾದಿನಿ ತನ್ನ ಮಗಳ ಮದುವೆಯ ಗುಂಪುಚಿತ್ರವನ್ನು ಕೊಟ್ಟಳು. ಅದರಲ್ಲಿ ಕೊಬ್ಬರಿಯೂ ಇತ್ತು, ಬೀಗರ ಕಾಲ ಬಳಿ, ಕಡಲೆಕಾಳಿನಷ್ಟು. ಹಿರಿಯರ ಆಶೀರ್ವಾದ ಎಂದು ಇಬ್ಬರ ಹೆಸರು ಹಾಕಿದ ಮೇಲೆ ಮೂರನೆಯವರು ಮುನಿಸಿಕೊಂಡರು, ಹಾಗಾಗಿ ಎಲ್ಲರ ಹೆಸರೂ ಬಂತು. ಮೇಘನಾ ಬೇಡವೆಂದು ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಹೇಳಿದ್ದನ್ನೆಲ್ಲ ಹಾಕಿಕೊಟ್ಟಳು.

ಪುಟದ ಕೊಂಡಿ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ಮರುದಿನವೇ ಸಾರಕ್ಕಿಯ ಕಡೆಯಿಂದ ಯಾರೋ ಮಹನೀಯರ ಫೋನು. ಗೆದ್ದೆವೆಂದು ನಾನು ಗಂಟಲು ಸರಿಮಾಡಿಕೊಂಡೆ.

“ಸಾರ್, ಇನ್ವಿಟೇಷನ್ ಬಂತು, ತುಂಬಾ ಸಂತೋಷ. ಛತ್ರ ಯಾವ್ದು ಅಂತಾನೇ ಹಾಕಿಲ್ವಲ್ಲ?”

ನಾನು ಬಿದ್ದು ಬಿದ್ದು ನಕ್ಕೆ. ಲಲಿತೆ ನಗಲಿಲ್ಲ. ಮೊಬೈಲನ್ನು ಕೈಗೆ ತೆಗೆದುಕೊಂಡು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಸರಿಸಿ, “ಇದ್ರಲ್ಲಿ ನಾನೆಲ್ಲಿದೀನಿ ರೀ?” ಎಂದು ಮೆಲ್ಲಗೆ ಕೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಪರಿಚಿತರ ಎದುರು ಒಂಟಿಯಾಗಿ ನಿಲ್ಲಲು ನಮಗೆಲ್ಲ ಎಂಥದೋ ಅಳುಕು. ದೇವರನ್ನು, ಹಿರಿಯರನ್ನು, ಪದವಿಯನ್ನು, ಕಡೆಗೆ ನಾಯಿಯನ್ನಾದರೂ ಮುಂದೆ ನಿಲ್ಲಿಸಿಕೊಂಡು ನಾವು ಹಿಂದಿನಿಂದ ಇಣುಕುತ್ತೇವೆ. ಲಲಿತೆಗೆ ಆ ಅಳುಕಿರಲಿಲ್ಲ, ನಾವು ಸುಮ್ಮನೆ ಹೊರಿಸಿದ್ದೆವು.

ಮೇಘನಾಳನ್ನು ಮತ್ತೆ ಕರೆಸಿದೆವು. ಮೊದಲು ನನ್ನ ಗದ್ಯವನ್ನೇ ತೆಗೆಸಿದೆ. ಗಣಪತಿ ಬೇಸರಿಸಿಕೊಳ್ಳಲಿಲ್ಲ, ಭಾವ ಮಾತ್ರ ಹಬ್ಬ ಬರುವವರೆಗೆ ಮಾತು ಬಿಟ್ಟರು. ಕೊನೆಗೆ ಪುಟದಲ್ಲಿ ಉಳಿದದ್ದು ಗರಿ ಬಿಚ್ಚಿದ ನವಿಲಿನ ಒಂದು ಗಿಟುಕು, ಅದನ್ನು ಹಿಡಿದ ಲಲಿತೆಯ ಬೆರಳುಗಳು, ಕೆಳಗೆ ಫೋನ್ ನಂಬರಿನ ಜೊತೆ ಅವಳೇ ಹೇಳಿ ಬರೆಸಿದ ಸಾಲು: ‘ಮದುವೆಗೆ ಕೊಬ್ಬರಿ ಕೆತ್ತಿಕೊಡುತ್ತೇನೆ.’ ಆ ಪೂರ್ಣವಿರಾಮ ಮಾತ್ರ ನನ್ನ ಕೃತಿ.

ಆಮೇಲೆ ಎಷ್ಟೋ ದಿನ ಫೋನು ಸುಮ್ಮನಿತ್ತು. ನನ್ನ ಗದ್ಯವಿದ್ದಿದ್ದರೆ ಎಂದು ನಾನು ಒಳಗೊಳಗೇ ಗೊಣಗುವಷ್ಟರಲ್ಲಿ ಒಂದು ಮಧ್ಯಾಹ್ನ ಅರೆಕೆರೆಯಿಂದ ಒಬ್ಬ ಹೆಣ್ಣುಮಗಳ ಕರೆ ಬಂತು. ಲಲಿತೆ ಸ್ಪೀಕರ್ ಒತ್ತಿದಳು.

“ಆಂಟಿ, ಆ ನವಿಲು ನೀವೇ ಕೆತ್ತಿದ್ದಾ? ಸಖತ್ತಾಗಿದೆ. ನನ್ ತಂಗಿ ಮದ್ವೆಗೆ ಅಂಥದ್ದೇ ಬೇಕು.”

“ಮಾಡ್ಕೊಡ್ತೀನಮ್ಮ. ನಮ್ಮ ವಿಷಯ ಯಾರು ಹೇಳಿದ್ರು? ಕತ್ರಿಗುಪ್ಪೆ ಕಡೆಯವರಾ ನೀವು?”

“ಯಾರೂ ಹೇಳಿಲ್ಲ ಆಂಟಿ. ನಿಮ್ಮ ಕಡೆಯವ್ರು ನಂಗೆ ಯಾರೂ ಗೊತ್ತಿಲ್ಲ.”

ಲಲಿತೆ ಫೋನನ್ನು ಅಂಗೈಯಿಂದ ಮುಚ್ಚಿ ನನ್ನತ್ತ ತಿರುಗಿದಳು. ಕಣ್ಣು ತುಂಬಿಬಂದಿತ್ತು, ಮುಖವೆಲ್ಲ ನಗು.

“ರೀ, ಕೇಳಿಸ್ತಾ? ಇವ್ರಿಗೆ ನಾವು ಏನೂ ಆಗ್ಬೇಕಾಗಿಲ್ವಂತೆ!”