ರಾಜಿಗೆ ಕೂತ ಟೀಚರಮ್ಮ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮಧುಗಿರಿಯವರ ಮುಂದೆ ಹೇಳಿ ಪ್ರಯೋಜನವಿಲ್ಲ. ಇಲ್ಲಿನ ಬೆಟ್ಟ ಹತ್ತಿರ ಹೋಗಿ ಕೈಯಿಟ್ಟು ನೋಡಿದರೂ ನುಣ್ಣಗೇ ಇರುತ್ತದೆ. ಅದಕ್ಕೇ ಇರಬೇಕು, ದೂರದ್ದನ್ನು ಅನುಮಾನದಿಂದ ನೋಡುವ ಅಭ್ಯಾಸ ಈ ಕಡೆಯವರಿಗೆ ಬರಲೇ ಇಲ್ಲ. ಗಲ್ಫಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸವಿದೆ, ಇರಲು ಮನೆ, ಓಡಾಡಲು ವ್ಯಾನು ಎಲ್ಲ ಸ್ಕೂಲಿನವರದ್ದೇ ಎಂದು ಸಿರಾದ ಏಜೆಂಟ್ ಪ್ರಸನ್ನ ಕುಮಾರ್ ಹೇಳಿದಾಗ ಅಶ್ವಿನಿ ಎರಡನೇ ಪ್ರಶ್ನೆ ಕೇಳಲಿಲ್ಲ. ಮಧುಗಿರಿಯ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿ, ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ಕುಣಿಸಿ, ಬೇಸಿಗೆ ರಜೆಯಲ್ಲಿ ಮನೆಮನೆ ಸುತ್ತಿ ಅಡ್ಮಿಷನ್ ಹಿಡಿದು ತಂದು ಅವಳಿಗೆ ಸಾಕಾಗಿಹೋಗಿತ್ತು.

ಹೋದಳು. ಮೊದಲ ವರ್ಷ ಚೆನ್ನಾಗಿಯೇ ಇತ್ತು; ಅಥವಾ ಚೆನ್ನಾಗಿದೆ ಚೆನ್ನಾಗಿದೆ ಎಂದು ಫೋನಿನಲ್ಲಿ ಹೇಳಿ ಹೇಳಿ ಅವಳಿಗೇ ಹಾಗನ್ನಿಸಿಬಿಟ್ಟಿತ್ತು. ರಜೆಗೆ ಬಂದವಳು ಪಾವಗಡದ ಕಡೆ ವಳ್ಳೂರಿನಲ್ಲಿದ್ದ ಚಿಕ್ಕಮ್ಮ ಓಬಳಮ್ಮನ ಮನೆಗೆ ಹೋಗಿ, ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದ ತೇಜಸ್ವಿನಿಯನ್ನು ತನ್ನ ಜೊತೆ ಕಳಿಸಿಕೊಡು ಎಂದಳು. ಗಂಡ ತೀರಿಹೋದ ಮೇಲೆ ಓಬಳಮ್ಮನಿಗೆ ಇದ್ದವಳು ಅವಳೊಬ್ಬಳೇ ಮಗಳು. ಚಿಕ್ಕಮ್ಮ ಎರಡು ದಿನ ಯೋಚನೆ ಮಾಡಿದಳು.

"ನಿನ್ನ ನಂಬಿ ಕಳಿಸ್ತಾ ಇವ್ನಿ ಕಣಮ್ಮ, ಆ ದೇಶಾನ ನಂಬಿ ಅಲ್ಲ" ಎಂದಳು ಕೊನೆಗೆ.

ಆ ಸ್ಕೂಲಿನಲ್ಲಿ ಟೀಚರುಗಳ ಪಾಸ್‌ಪೋರ್ಟು ಆಫೀಸಿನ ಬೀರುವಿನಲ್ಲಿರುತ್ತಿತ್ತು. ಕಳೆದುಹೋದೀತು, ನಮ್ಮ ಹತ್ತಿರ ಭದ್ರ ಎಂದು ಬಂದ ದಿನವೇ ಈಸಿಕೊಂಡಿದ್ದರು. ಇಂಗ್ಲಿಷ್ ಪಾಠಕ್ಕೆ ಬಂದವರು ಬಸ್ಸಿನಲ್ಲಿ ಮಕ್ಕಳನ್ನು ಕಾಯಬೇಕು, ಗೇಟಿನಲ್ಲಿ ನಿಲ್ಲಬೇಕು, ರಜೆಯ ದಿನ ಮಾಲೀಕರ ಮನೆಯ ಮಕ್ಕಳಿಗೆ ಹೋಂವರ್ಕ್ ಮಾಡಿಸಬೇಕು. ಕುರಿ ಕೊಂಡವನು ಉಣ್ಣೆಯನ್ನು ಬಿಟ್ಟಾನೆಯೇ? ಅಶ್ವಿನಿ ಹಲ್ಲು ಕಚ್ಚಿಕೊಂಡೇ ಇದ್ದಳು. ಆದರೆ ಜ್ವರ ಬಂದಿದ್ದ ತೇಜಸ್ವಿನಿಯನ್ನು ಸುಡುಬಿಸಿಲಿನಲ್ಲಿ ಗೇಟ್ ಡ್ಯೂಟಿಗೆ ನಿಲ್ಲಿಸಿದರು. ಅವಳು ಮಕ್ಕಳ ಕಣ್ಣೆದುರೇ ಧೊಪ್ಪನೆ ಬಿದ್ದಾಗ, ಮೇಲ್ವಿಚಾರಕಿ ಮೊದಲು ಕೇಳಿದ್ದು "ಅವಳ ಕ್ಲಾಸಿಗೆ ಈಗ ಯಾರು ಹೋಗ್ತಾರೆ?" ಎಂದು. ಅಶ್ವಿನಿ ತಂಗಿಯನ್ನು ಎತ್ತಿ ನೆರಳಿಗೆ ತಂದು ಮಲಗಿಸಿ, ಅದೇ ಸಿಟ್ಟಿನಲ್ಲಿ ಹೋಗಿ ರಾಜೀನಾಮೆ ಕೊಟ್ಟಳು.

ಕಾಂಟ್ರ್ಯಾಕ್ಟ್ ಮುಗಿಯುವವರೆಗೆ ಪಾಸ್‌ಪೋರ್ಟ್ ಇಲ್ಲ ಎಂದರು. ಅವಳು ಅಲ್ಲಿನ ಲೇಬರ್ ಆಫೀಸಿಗೆ ಹೋಗಿ, ತನ್ನ ಹೆಸರಿನ ಜೊತೆ ತೇಜಸ್ವಿನಿಯ ಹೆಸರನ್ನೂ ಸೇರಿಸಿ ದೂರು ಬರೆದುಕೊಟ್ಟಳು. ಜೀವನದಲ್ಲಿ ಅವಳು ಮಾಡಿದ ಗಟ್ಟಿ ಕೆಲಸ ಅದೊಂದೇ ಎಂದು ನನ್ನ ಎಣಿಕೆ. ಅಧಿಕಾರಿ ಸ್ಕೂಲಿನವರನ್ನು ಕರೆಸಿದ. ಅಶ್ವಿನಿಯ ಪಾಸ್‌ಪೋರ್ಟು ಅವತ್ತೇ ಕೈಗೆ ಬಂತು. ಆದರೆ ತೇಜಸ್ವಿನಿಯನ್ನು ಕರೆದು ಕೇಳಿದಾಗ, ಪಕ್ಕದಲ್ಲೇ ಪ್ರಿನ್ಸಿಪಾಲ್ ನಿಂತಿದ್ದರಿಂದ, ಅವಳು ನಾನೇ ಇಷ್ಟಪಟ್ಟು ಕೊಟ್ಟಿದ್ದು ಎಂದುಬಿಟ್ಟಳು. ಅಧಿಕಾರಿ ಕುರುಡನಲ್ಲ. ಸ್ಕೂಲಿಗೇ ಬಂದು ತನಿಖೆ ಮಾಡುತ್ತೇವೆ, ಅಲ್ಲಿಯವರೆಗೆ ದೂರು ತೆರೆದೇ ಇರುತ್ತದೆ ಎಂದ. ಏಳುವಾಗ ಅಶ್ವಿನಿಗೆ ಒಂದು ಮಾತು ಹೇಳಿದ: ಯಾರು ಏನೇ ಹೇಳಲಿ, ನಿನ್ನ ತಂಗಿ ವಿಮಾನ ಹತ್ತುವವರೆಗೆ ಈ ದೂರು ಮುಚ್ಚಬೇಡ.

ಕೆಲಸ ಬಿಟ್ಟವಳಿಗೆ ವೀಸಾ ಇಲ್ಲ. ಅಶ್ವಿನಿ ಹೊರಡಲೇಬೇಕಿತ್ತು. "ನೀನು ಹೋಗಕ್ಕ, ಹೊರಗಡೆಯಿಂದ ನೀನು ಎಳೆದ್ರೆ ನಾನೂ ಬತ್ತೀನಿ" ಎಂದು ತೇಜಸ್ವಿನಿ ನಗುನಗುತ್ತಲೇ ಕಳಿಸಿಕೊಟ್ಟಳು. ವಿಮಾನದಲ್ಲಿ ಅಶ್ವಿನಿ ಒಂದು ತೊಟ್ಟು ನೀರನ್ನೂ ಕುಡಿಯಲಿಲ್ಲ.

ತೋವಿನಕೆರೆಯ ಹತ್ತಿರದ ತನ್ನೂರಿಗೆ ಬಂದು ತಿಂಗಳಾಗಿರಲಿಲ್ಲ, ಏಜೆಂಟ್ ಪ್ರಸನ್ನ ಕುಮಾರ್ ಹಣ್ಣಿನ ಬುಟ್ಟಿ ಹಿಡಿದುಕೊಂಡು ಅವಳ ದೊಡ್ಡಪ್ಪ ಬೈರಪ್ಪನ ಜಗಲಿಗೆ ಬಂದು ಕೂತ. ಅವನು ಬುದ್ಧಿವಂತ, ಬೇರಿಗೇ ನೀರು ಹಾಕಿದ. ಬೈರಪ್ಪ ಸುತ್ತಮುತ್ತಲ ಹಳ್ಳಿಗಳಲ್ಲಿ ರಾಜಿ ಮಾಡಿಸುವುದಕ್ಕೆ ಹೆಸರಾದ ಮನುಷ್ಯ. ಬದುವಿನ ಜಗಳ, ಗಂಡ ಹೆಂಡಿರ ಜಗಳ, ಸ್ಟೇಷನ್ ಮೆಟ್ಟಿಲು ಹತ್ತಿದ ಎಷ್ಟೋ ಜಗಳಗಳನ್ನು ಜಗಲಿಗೆ ಇಳಿಸಿದ್ದ. ಅವನದು ಒಂದೇ ಕಟ್ಟಳೆ: ಮೊದಲು ದೂರು ವಾಪಸ್, ಆಮೇಲೆ ಮಾತು. ದೂರು ಕೊಟ್ಟವನು ತಗ್ಗಿದರೆ ಎದುರಿನವನು ನಾಚಿಕೆಗಾದರೂ ಬಗ್ಗುತ್ತಾನೆ. ಬಗ್ಗದೆ ಎಲ್ಲಿ ಹೋಗುತ್ತಾನೆ? ನಾಳೆ ಅದೇ ಕೆರೆ ಏರಿಯ ಮೇಲೆ ಎದುರಾಗಬೇಕು, ಅದೇ ಮದುವೆಯ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಬೇಕು. ಹಳ್ಳಿಯಲ್ಲಿ ಈ ಕಟ್ಟಳೆ ತಪ್ಪಿದ್ದನ್ನು ಬೈರಪ್ಪ ಕಂಡಿರಲಿಲ್ಲ.

ನಾಲ್ಕು ಜನ ಹಿರಿಯರು ಕೂತರು. ಏಜೆಂಟ್ ಕೈಮುಗಿದ. "ಸ್ಕೂಲಿನವ್ರು ಬೇಜಾರು ಮಾಡ್ಕೊಂಡವ್ರೆ ಯಜಮಾನ್ರೇ. ದೂರೊಂದು ವಾಪಸ್ ಆಗ್ಲಿ, ವಾರದೊಳಗೆ ತೇಜಸ್ವಿನಿ ಇಲ್ಲಿರ್ತಾಳೆ. ದೇವ್ರಾಣೆ."

ಅಶ್ವಿನಿ ಅಧಿಕಾರಿ ಹೇಳಿದ್ದನ್ನು ಹೇಳಿದಳು. ತಂಗಿ ವಿಮಾನ ಹತ್ತಲಿ, ಆ ಗಳಿಗೆಯಲ್ಲೇ ಮುಚ್ಚುತ್ತೇನೆ ಎಂದಳು.

ಬೈರಪ್ಪನ ಮುಖ ಚಿಕ್ಕದಾಯಿತು. "ಅಂದ್ರೆ ಏನವ್ವ, ಯಾರೋ ಕಾಣದ ದೇಶದ ಆಫೀಸರ್ ಮಾತು ದೊಡ್ಡದಾ, ನಿಮ್ ದೊಡ್ಡಪ್ಪನ ಮಾತು ದೊಡ್ಡದಾ? ಕತ್ತಿ ಇಟ್ಕಂಡು ರಾಜಿಗೆ ಕೂತ್ರೆ ಯಾರು ನಂಬ್ತಾರೆ? ಕೆಳಗಿಟ್ಬುಡು ಮಗಾ."

ತಂದೆ ಇಲ್ಲದ ಅವಳನ್ನು ಓದಿಸಿದವನು ಆತ. ಆ ಜಗಲಿಯಲ್ಲಿ ಅವಳು ಟೀಚರಮ್ಮ ಆಗಲಿಲ್ಲ, ಮಗಳಾದಳು. ಅಲ್ಲೇ ಕೂತು ಮೊಬೈಲಿನಲ್ಲೇ ಲೇಬರ್ ಆಫೀಸಿಗೆ ಬರೆದು ದೂರು ಹಿಂದಕ್ಕೆ ಪಡೆದಳು. ಏಜೆಂಟ್ ತಂದಿದ್ದ ಕಾಗದಕ್ಕೂ ಸಹಿ ಹಾಕಿದಳು. ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟೆ, ಸ್ಕೂಲಿನಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲ ಎಂದು ಅದರಲ್ಲಿತ್ತು. ಓದಿಯೇ ಹಾಕಿದಳು, ಓದದೆ ಅಲ್ಲ. ಎಲ್ಲರೂ ಕಾಫಿ ಕುಡಿದರು. ಬೈರಪ್ಪ ಏಜೆಂಟನ ಭುಜ ತಟ್ಟಿ ಕಳಿಸಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ವಾರ ಕಳೆಯಿತು. ಏಜೆಂಟನ ಫೋನು ಮೊದಲು ಬ್ಯುಸಿ, ಆಮೇಲೆ ಸ್ವಿಚ್ಡ್ ಆಫ್. ಬೈರಪ್ಪ ತಾನೇ ಬಸ್ಸು ಹತ್ತಿ ಸಿರಾಕ್ಕೆ ಹೋದ. "ನಾನು ಮಧ್ಯದವ್ನು ಯಜಮಾನ್ರೇ, ಹೇಳಾದು ಹೇಳಿದೀನಿ. ಅವ್ರು ಕೇಳ್ದಿದ್ರೆ ನಾನೇನ್ ಮಾಡ್ಲಿ?" ಎಂದು ಏಜೆಂಟ್ ಟೀ ತರಿಸಿದ. ಬೈರಪ್ಪ ಟೀ ಮುಟ್ಟದೆ ಎದ್ದು ಬಂದ. ಆವತ್ತಿನಿಂದ ಅವನು ಯಾರ ರಾಜಿಗೂ ಕೂತಿಲ್ಲ. ಲೇಬರ್ ಆಫೀಸಿಗೆ ಅಶ್ವಿನಿ ಮತ್ತೆ ಬರೆದಳು. ನೀವೇ ಬಗೆಹರಿದಿದೆ ಎಂದು ಮುಚ್ಚಿದ್ದೀರಿ, ಹೊಸ ದೂರು ಕೊಡುವುದಿದ್ದರೆ ಅಲ್ಲಿ ಕೆಲಸದಲ್ಲಿರುವ ನಿಮ್ಮ ತಂಗಿಯೇ ಕೊಡಬೇಕು ಎಂದು ಉತ್ತರ ಬಂತು.

ತಂಗಿ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಅಶ್ವಿನಿ ಮಧುಗಿರಿಯ ತನ್ನ ಹಳೇ ಶಾಲೆಗೇ ಮತ್ತೆ ಸೇರಿಕೊಂಡಿದ್ದಳು. ಒಂದು ಮಧ್ಯಾಹ್ನ ಅಲ್ಲಿನ ವರಾಂಡದಲ್ಲಿ ನಿಂತಿದ್ದಾಗ ತೇಜಸ್ವಿನಿಯ ಫೋನು ಬಂತು.

"ಅಕ್ಕ, ನಿನ್ ಸೈನ್ ಇರೋ ಕಾಗದಾನ ಸ್ಟಾಫ್ ಮೀಟಿಂಗಲ್ಲಿ ಓದಿದ್ರು. ನಿಜವಾಗ್ಲೂ ನೀನೇ ಹಾಕಿದ್ದಾ?"

"ಹೂಂ ತೇಜಾ. ನಿನ್ನ ಬಿಡ್ತಾರೆ ಅಂದಿದ್ರು."

"ಮೀಟಿಂಗ್ ಆದ್ಮೇಲೆ ನನ್ನೊಬ್ಳನ್ನೇ ಕರೆದ್ರು. ಇನ್ನೆರಡು ವರ್ಷಕ್ಕೆ ಸೈನ್ ಮಾಡು ಅಂದ್ರು. ನೀನೇ ಕೈ ಬಿಟ್ಮೇಲೆ ನಾನು ಯಾರ ಬಲದ ಮೇಲೆ ಆಗಲ್ಲ ಅನ್ಲಿ? ಮಾಡ್ದೆ ಅಕ್ಕ. ಅಮ್ಮಂಗೆ ನೀನೇ ಹೇಳ್ಬುಡು, ನನ್ ಕೈಲಿ ಆಗಲ್ಲ."

ಭಾನುವಾರ ಅಶ್ವಿನಿ ವಳ್ಳೂರಿಗೆ ಹೋದಳು. ಓಬಳಮ್ಮ ಮನೆಯಲ್ಲಿರಲಿಲ್ಲ. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ಒರೆಸುವ ಕೂಲಿಗೆ ಹೋಗಿದ್ದಳು. ಅಶ್ವಿನಿ ಅಲ್ಲಿಗೇ ಹುಡುಕಿಕೊಂಡು ಹೋದಾಗ ಊಟದ ಹೊತ್ತು, ಹೆಂಗಸರೆಲ್ಲ ಪ್ಯಾನೆಲ್ಲಿನ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಓಬಳಮ್ಮ ಅವಳನ್ನು ಕಂಡಿದ್ದೇ, "ಏಮ್ಮಾ, ಯಾವಾಗ ಬಂದೆ? ಮುದ್ದೆ ಐತೆ, ಉಣ್ಣು ಬಾ" ಎಂದು ಜಾಗ ಬಿಟ್ಟಳು. ಅಶ್ವಿನಿ ಉಣ್ಣದೆ ಎಲ್ಲವನ್ನೂ ಹೇಳಿದಳು. ದೊಡ್ಡಪ್ಪನ ಮೇಲೆ ಹಾಕಲಿಲ್ಲ, ಏಜೆಂಟನ ಮೇಲೂ ಪೂರ್ತಿ ಹಾಕಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ತನಗೆ ಅಳುವ ಹಕ್ಕಿಲ್ಲ ಎಂದು ಗೊತ್ತಿದ್ದೂ ಅತ್ತಳು.

ಓಬಳಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಶ್ವಿನಿ ಬದುಕಿಕೊಳ್ಳುತ್ತಿದ್ದಳೋ ಏನೋ. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಕೇಳಿದಳು.

"ಅವ್ಳನ್ನ ಕರ್ಕಂಡೋಗಾಗ ಮನೇಗ್ ಬಂದು ನನ್ ಕೇಳಿದ್ದೆ ಕಣಮ್ಮ. ಆ ದೂರು ವಾಪಸ್ ತಗಳಾಗ ಯಾಕ್ ಕೇಳ್ಲಿಲ್ಲ?"

ಅಶ್ವಿನಿಗೆ ಆ ಗಳಿಗೆಯವರೆಗೂ ಅದು ಹೊಳೆದಿರಲಿಲ್ಲ. ಜಗಲಿಯಲ್ಲಿ ಕೂತ ಯಾರಿಗೂ ಹೊಳೆದಿರಲಿಲ್ಲ.

"ಕೇಳಿದ್ರೆ ಏನಂತಿದ್ದೆ ಚಿಕ್ಕಮ್ಮ?"

"ಬ್ಯಾಡ ಅಂತಿದ್ದೆ" ಎಂದು ಓಬಳಮ್ಮ ಬುತ್ತಿ ಕಟ್ಟಿಟ್ಟು ಕೆಲಸಕ್ಕೆ ಎದ್ದಳು.