ದೊಡ್ಡಪ್ಪನ ಸರ್ಕಾರಿ ಅಂಗಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ದೊಡ್ಡಪ್ಪನ ಅಂಗಿ ನನ್ನ ನೆನಪಿನಲ್ಲಿ ಬಿಳಿ. ಅವರ ಮಗ ರಾಘುವಿನ ನೆನಪಿನಲ್ಲಿ ನಸುನೀಲಿ. ದಿನಚರಿ ಬರೆಯುವವಳೆಂಬ ಜಂಬ ನನಗಿದೆ, ನಿಜ. ಆದರೆ ಆ ವಯಸ್ಸಿನಲ್ಲಿ ನಾನು ಬರೆದಿಟ್ಟದ್ದೆಲ್ಲ ತಿಂಡಿಯ ವಿಚಾರ.

ಕಳೆದ ಭಾನುವಾರ ಶಿವಮೊಗ್ಗದ ನವುಲೆಯಲ್ಲಿ, ರಾಘುವಿನ ಮನೆಯಲ್ಲಿ, ಹಳೇ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದೆವು. ಸಿಪ್ಪೆಯ ನಡುವಿನಿಂದ ಒಂದು ಸುದ್ದಿ ಇಣುಕಿತು: ಧರ್ಮಪಾಠ ಹೇಳುವ ಶಾಲೆಗಳಿಗೆ ಸರ್ಕಾರದ ಅನುದಾನ ಇರಬೇಕೇ, ಬೇಡವೇ. ನಮ್ಮ ತೆರಿಗೆ ದುಡ್ಡಲ್ಲಿ ಮದರಸಾ ಯಾಕೆ ನಡೆಯಬೇಕು ಎಂದು ರಾಘು ಶುರು ಮಾಡಿದ. ನಾನೇನು ಕಮ್ಮಿ, ಯಾವ ಧರ್ಮಕ್ಕೂ ಒಂದು ಪೈಸೆ ಕೊಡಕೂಡದು ಎಂದೆ. ದೊಡ್ಡಮ್ಮ ತಲೆ ಎತ್ತದೆ ಕೇಳಿದರು:

“ನೀನು ಕುಡಿದ ಹಾಲು ಯಾರ ತೆರಿಗೆ ದುಡ್ಡಿಂದೋ, ರಾಘು?”

ರಾಘು ಮತ್ತೆ ಅವರೆಕಾಯಿಗೆ ಕೈ ಹಾಕಿದ.

ದೊಡ್ಡಪ್ಪ ಭದ್ರಾವತಿಯಲ್ಲಿ, ಕಾಗದನಗರದ ಹತ್ತಿರದ ಸಂಸ್ಕೃತ ಪಾಠಶಾಲೆಯೊಂದರ ಮೇಷ್ಟ್ರಾಗಿದ್ದರು. ಕಟ್ಟಡ ದೇವಸ್ಥಾನದ ಸಮಿತಿಯದು, ಸಂಬಳ ಸರ್ಕಾರದ್ದು. ಹಾಗಾಗಿ ಬೆಳಗ್ಗೆ ಎರಡು ಪಾಠ. ಮೊದಲನೆಯದು ಸಮಿತಿಯ ಪಾಲಿನದು: ಮುಂಜಿಯಾದ ಹುಡುಗರಿಗೆ ಸಂಧ್ಯಾವಂದನೆ, ಮಂತ್ರ. ಆಗ ದೊಡ್ಡಪ್ಪನ ಬರಿಮೈ ಮೇಲೆ ಶಲ್ಯವಷ್ಟೇ. ಅಲ್ಲಿನ ಕಾಗದ ಕಾರ್ಖಾನೆಯ ಸೈರನ್ ಕೂಗಿತೋ, ಮೊಳೆಗೆ ನೇತುಹಾಕಿದ್ದ ಅಂಗಿ ತೊಡುತ್ತಿದ್ದರು. ಅಲ್ಲಿಂದಾಚೆ ಸರ್ಕಾರದ ಹೊತ್ತು: ವ್ಯಾಕರಣ, ಕಾವ್ಯ. ಯಾರು ಬೇಕಾದರೂ ಬಂದು ಕೂರಬಹುದು. ಮುಂದೆ ಕಾಲೇಜಿನಲ್ಲಿ ಧರ್ಮಕ್ಕೂ ಪ್ರಭುತ್ವಕ್ಕೂ ನಡುವಿನ ಗೆರೆಯ ಬಗ್ಗೆ ಪಾಠ ಕೇಳುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಗುಂಡಿಗಳ ಒಂದು ಸಾಲು.

ನಾನು ಅವರ ಮನೆಯಲ್ಲಿದ್ದು ಓದುತ್ತಿದ್ದ ವರ್ಷ ಪಾಠಶಾಲೆಗೆ ಸ್ಟೆಲ್ಲಾ ಬಂದಳು. ಕಾರ್ಖಾನೆಯ ಕೆಲಸಗಾರ ಅರುಳಪ್ಪನ ಮಗಳು, ಹೈಸ್ಕೂಲಿನವಳು. ಸಂಸ್ಕೃತ ಯಾಕಮ್ಮ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, ಮಾರ್ಕ್ಸ್ ಜಾಸ್ತಿ ಬರುತ್ತಂತೆ ಎಂದಳು. ಸ್ವಲ್ಪ ದಿನಕ್ಕೆ, ಪರೀಕ್ಷೆಗೆ ಇಲ್ಲದ ಶ್ಲೋಕಗಳನ್ನೂ ದಾರಿಯುದ್ದಕ್ಕೂ ಗುನುಗತೊಡಗಿದಳು.

ತೊಡಕಿದ್ದದ್ದು ಹೊತ್ತಿನಲ್ಲಿ. ಸೈರನ್ನಿಗೆ ಮೊದಲೇ ಕಾರ್ಖಾನೆ ಸೇರಬೇಕಾದ ಅಪ್ಪ ಅವಳನ್ನು ಬೇಗನೆ ಸೈಕಲ್ಲಿನಲ್ಲಿ ತಂದು ಇಳಿಸುತ್ತಿದ್ದ. ಸೈರನ್ನಿಗೆ ಮುಂಚೆ ಅನ್ಯರು ಗೇಟು ದಾಟುವಂತಿಲ್ಲ ಎಂಬುದು ಸಮಿತಿಯ ನಿಯಮ. ಲಾರಿಗಳ ಧೂಳಿನಲ್ಲಿ ರಸ್ತೆಯಲ್ಲೇ ನಿಲ್ಲುತ್ತಿದ್ದಳು. ಮಂತ್ರದ ಹೊತ್ತಿನಲ್ಲಿ ಹೆಣ್ಣಾದ ನನಗೂ ಒಳಗೆ ಜಾಗವಿರಲಿಲ್ಲ, ಆದರೆ ನನಗೆ ಜಗಲಿಯಾದರೂ ಇತ್ತು. ಒಂದು ದಿನ ಅರುಳಪ್ಪ ಬಂದ.

“ಮಗು ರೋಡಲ್ಲಿ ನಿಲ್ತದೆ ಸಾರ್. ಇನ್ನು ಕಳ್ಸಲ್ಲ, ಬೇಜಾರ್ ಮಾಡ್ಕೋಬೇಡಿ.”

ನಾಳೆ ಒಂದು ದಿನ ಕಳಿಸಪ್ಪ ಎಂದರು ದೊಡ್ಡಪ್ಪ. ಮರುದಿನ ಸೈಕಲ್ ಬಂದು ನಿಂತದ್ದೇ, ಅರ್ಧ ಮಂತ್ರದಲ್ಲಿ ಎದ್ದು ಅಂಗಿ ತೊಟ್ಟರು.

“ಒಳಗೆ ಬಾರಮ್ಮ, ಸರ್ಕಾರ ಶುರುವಾಯ್ತು.”

ಎದುರು ಮನೆಯಲ್ಲೇ ಇದ್ದ ಸಮಿತಿಯ ಅಧ್ಯಕ್ಷರು, ಅಡಿಕೆ ಮಂಡಿಯವರು, ಪಂಚೆ ಎತ್ತಿಕಟ್ಟಿಕೊಂಡು ಬಂದರು.

“ಇನ್ನೂ ಸೈರನ್ನೇ ಆಗಿಲ್ವಲ್ಲ, ಶಾಸ್ತ್ರಿಗಳೇ.”

“ಅಂಗಿ ಹಾಕ್ಕೊಂಡಾಯ್ತಲ್ಲ ಸ್ವಾಮಿ. ಇನ್ನು ಮಂತ್ರ ಹೇಳಿದ್ರೆ ಸರ್ಕಾರಕ್ಕೆ ದ್ರೋಹ.”

“ಮತ್ತೆ ಈ ಹುಡುಗರ ಗತಿ?”

“ಸಂಜೆ ನಮ್ಮನೆಗೆ ಕಳ್ಸಿ. ಅಲ್ಲಿ ಅಂಗಿ ಹಾಕಲ್ಲ, ದುಡ್ಡೂ ಕೇಳಲ್ಲ.”

ಅಧ್ಯಕ್ಷರ ಮೊಮ್ಮಗನೂ ಆ ಹುಡುಗರಲ್ಲೊಬ್ಬ, ಒಪ್ಪದೆ ವಿಧಿಯಿರಲಿಲ್ಲ. ಸ್ಟೆಲ್ಲಾ ಉಳಿದಳು, ಪರೀಕ್ಷೆಯಲ್ಲಿ ಪಾಸಾದಳು. ಮಾರ್ಕ್ಸ್ ಎಷ್ಟೆಂದು ಮರೆತಿದ್ದೇನೆ. ಅರುಳಪ್ಪ ತಂದ ಪೇಡ ಮರೆತಿಲ್ಲ.

ಈ ಕಥೆಯನ್ನು ದೊಡ್ಡಪ್ಪನ ಜಾಣತನವೆಂದು ನಾನು ಎಷ್ಟೋ ಕಡೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಭಾನುವಾರ ದೊಡ್ಡಮ್ಮನ ಎದುರು ಕೂತಾಗ ಮಾತ್ರ ಅದರ ಇನ್ನೊಂದು ತುದಿ ಕಂಡಿತು. ಸಂಜೆಯ ಹುಡುಗರು ಸ್ಕೂಲಿನಿಂದ ಹಸಿದೇ ಬರುತ್ತಿದ್ದರು. ದಿನವೂ ಅಷ್ಟೂ ಜನಕ್ಕೆ ಕಾಯಿತುರಿ ಹಾಕಿದ ಅವಲಕ್ಕಿ. ಅವರಿಗೆ ಜಾಗ ಮಾಡಲೆಂದು, ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದ ದೊಡ್ಡಮ್ಮನ ಮೆಷಿನ್ ನಡುಮನೆಯಿಂದ ಉಗ್ರಾಣದ ಕತ್ತಲೆಗೆ ಹೋಯಿತು. ಅದು ಮತ್ತೆ ಹೊರಬಂದದ್ದನ್ನು ನಾನು ನೋಡಿದ ನೆನಪಿಲ್ಲ. ಸರ್ಕಾರವೂ ದೇವರೂ ಬೇರೆಯಾದರು, ಸರಿ. ಆ ಬೇರೆಯಾಗುವಿಕೆಗೆ ಅನುದಾನ ಕೊಟ್ಟವರು ಯಾರು, ನೀವೇ ಹೇಳಿ.

ತಡೆಯಲಾರದೆ ಕೇಳಿಯೇಬಿಟ್ಟೆ.

“ದೊಡ್ಡಮ್ಮ, ಹುಡುಗರನ್ನ ಮನೆಗೆ ಕರೆಯೋ ಮುಂಚೆ ದೊಡ್ಡಪ್ಪ ನಿಮ್ಮನ್ನ ಒಂದು ಮಾತು ಕೇಳಿದ್ರಾ?”

ಕುಕ್ಕರ್ ಕೂಗಿತು ಎಂದು ಅವರು ಎದ್ದು ಒಳಗೆ ಹೋದರು. ಕುಕ್ಕರ್ ಕೂಗಿರಲಿಲ್ಲ.