ಮಂಗಳವಾರದ ರಾಹುಕಾಲ

ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಫೋನು ಬಂದಾಗ ಎರಡೂ ಕೈಗೆ ಸಿಪ್ಪೆ ಮೆತ್ತಿತ್ತು. ಕಿರುಬೆರಳಿನಿಂದಲೇ ಸ್ಪೀಕರ್ ಒತ್ತಿದೆ.

"ಅಮ್ಮ, ವೋಟ್ ಆಯ್ತು. ಕ್ಲಾಸ್ ತೆಗೆದ್‌ಬಿಟ್ರು," ಎಂದಳು ಮಗಳು, ಶಾಲೆಯಿಂದ.

ಈ ಅಮೆರಿಕದಲ್ಲಿ ಯಾರು ಯಾರನ್ನು ಹೇಗೆ ನಡೆಸಿಕೊಂಡರು, ಬಿಳಿ ಬಣ್ಣಕ್ಕೆ ಕೇಳದೆಯೇ ಸಿಗುವ ಸವಲತ್ತು ಎಂಥದ್ದು ಎಂದು ಕಲಿಸುತ್ತಿದ್ದ ತರಗತಿ ಅದು. ಮಗಳೂ ಅವಳ ಗೆಳತಿಯೂ ಒಟ್ಟಿಗೆ ಸೇರಿದ್ದರು. ಗೆಳತಿ ಕಪ್ಪು ಹುಡುಗಿ. ಹಿಂದೊಮ್ಮೆ ಅಂಗಡಿಯೊಂದರ ಕಾವಲಿನವನು ಅವಳ ಬ್ಯಾಗನ್ನು ಮಾತ್ರ ಬಿಚ್ಚಿಸಿದ್ದ. ಪಕ್ಕದಲ್ಲೇ ಇದ್ದ ಬಿಳಿ ಹುಡುಗರ ಬ್ಯಾಗು ಅವನ ಕಣ್ಣಿಗೇ ಬೀಳಲಿಲ್ಲ. ಅವಳು ಅದನ್ನು ತನ್ನ ತಾಯಿಗೂ ಹೇಳಿರಲಿಲ್ಲ. ಮೊದಲು ಬಾಯಿಬಿಟ್ಟದ್ದು ಆ ತರಗತಿಯಲ್ಲಿ.

ಶಾಲಾ ಮಂಡಳಿಯಲ್ಲಿ ಆ ತರಗತಿ ನಿಲ್ಲಿಸುವ ಮಾತು ಬಂದಾಗ ಇಬ್ಬರೂ ಮನೆಮನೆ ತಿರುಗಿದರು. ನಮ್ಮ ಶುಕ್ರವಾರದ ಲಲಿತಾ ಸಹಸ್ರನಾಮದ ಗುಂಪಿಗೂ ಬಂದರು. "ನಮಗ್ಯಾಕ್ರೀ ಈ ಉಸಾಬರಿ?" ಅಂದವರಿದ್ದರು. ಹಿರಿಯರಾದ ಧಾರವಾಡದ ಅಜ್ಜಿ ಗದರಿದರು: "ನಿನ್ನ ಮಗಳ ಬ್ಯಾಗ್ ಬಿಚ್ಚಿಸಿದ್ರ ಹಿಂಗ ಕುಂದರ್ತಿದ್ದೇನ? ಎಲ್ಲಾರೂ ಮೀಟಿಂಗಿಗೆ ಹೋಗೂಣ. ಸೀರಿ ಉಟಗೊಂಡ ಹೋಗೂಣ, ಎದ್ದ ಕಾಣಬೇಕ!" ಆ ಹುಡುಗಿಗೆ ಒಂದು ಪದವೂ ತಿಳಿಯಲಿಲ್ಲ. ಆದರೂ ಮುಖ ಅರಳಿತು.

ಮಂಡಳಿಯ ಸಭೆ ಮಂಗಳವಾರ ಸಂಜೆ ಐದಕ್ಕೆ. ಯೂನಿಯನ್ ಸಿಟಿಯಲ್ಲಿದ್ದ ಅಜ್ಜಿಯ ಮನೆಯಿಂದ ಒಟ್ಟಿಗೆ ಹೊರಡುವುದೆಂದಾಗಿತ್ತು. ಚಪ್ಪಲಿ ಮೆಟ್ಟುವಾಗ ಅಜ್ಜಿ ತಡೆದರು. "ನಾಲ್ಕೂವರಿ ತನಕಾ ರಾಹುಕಾಲ ಅದ. ಒಳ್ಳೆ ಕೆಲಸಕ್ಕ ಹೊರಟೇವಿ, ಹೊಸ್ತಲ ದಾಟಬ್ಯಾಡ್ರಿ."

ಯಾರಿಗೂ ಅದು ತಪ್ಪೆನಿಸಲಿಲ್ಲ. ದೇವರಿಗೆ ದೀಪ ಹಚ್ಚಿ, ಇನ್ನೊಂದು ಸುತ್ತು ಕಾಫಿ ಕುಡಿದು ಕಾದೆವು. ಆಮೇಲೆ ಹೇವರ್ಡ್ ಊರು ದಾಟುವ ಮೊದಲೇ ಫ್ರೀವೇ ಮೇಲೆ ಕಾರುಗಳು ತುಂಬಿ ನಿಂತಿದ್ದವು.

ನಾವು ತಲುಪುವಷ್ಟರಲ್ಲಿ ಮಾತಾಡುವವರ ಹೆಸರು ತೆಗೆದುಕೊಳ್ಳುವುದು ಮುಗಿದಿತ್ತು. ತಮ್ಮ ಮಕ್ಕಳಿಗೆ ಆ ತರಗತಿಯಲ್ಲಿ ಬಣ್ಣಕ್ಕಾಗಿ ನಾಚಿಕೆಪಡಲು ಕಲಿಸುತ್ತಾರೆಂದು ದೂರುವ ಬಿಳಿಯ ತಂದೆತಾಯಂದಿರು ಮೊದಲೇ ಬಂದು ಸಾಲು ಹಿಡಿದಿದ್ದರು. ರೇಷ್ಮೆ ಸೀರೆಯಲ್ಲಿ ಗೋಡೆಗೊರಗಿ ನಿಂತು ಅವರ ಮಾತು ಕೇಳಿ ಬಂದೆವು. ತೀರ್ಮಾನ ಗುರುವಾರಕ್ಕೆ ಹೋಯಿತು.

ಆ ಗುರುವಾರವೇ ಈ ಫೋನು.

"ನಾವೆಲ್ಲ ಮಾತಾಡಿದ್ರೆ ಉಳೀತಿತ್ತೇನೇ?"

"ಐ ಡೋಂಟ್ ನೋ, ಅಮ್ಮ. ಮಂಗಳವಾರ ನೀವು ಬರೋಕ್ ಮುಂಚೆ ಅವ್ಳು ಮೈಕ್ ಹತ್ರ ಒಬ್ಳೇ ನಿಂತಿದ್ಲು. ಮಾತಾಡ್ತಾ ಮಾತಾಡ್ತಾ ಡೋರ್ ಕಡೆನೇ ನೋಡ್ತಿದ್ಲು. ಆಂಟೀಸ್ ಬರ್ತಾರೆ ಅಂತ ನಾನೇ ಹೇಳಿದ್ದೆ."

ದೇವರನ್ನು ದೂರಲಾರೆ. ಕಾದು ಹೊರಡಿ ಎಂದು ಅವನು ಹೇಳಿರಲಿಲ್ಲ.

ಸಂಜೆ ಇಬ್ಬರೂ ಬಂದರು. ಅವತ್ತೂ ಆ ಮಗು ನಮ್ಮ ಬಾಗಿಲಿಗೆ ಬಂತು, ಅಷ್ಟು ದಯೆ ನಮ್ಮ ಮೇಲಿತ್ತು. ಅವಳ ಕೈ ಹಿಡಿದು, ನನಗೆ ಬರುವ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ.

"ಇಟ್ಸ್ ಓಕೆ, ಆಂಟಿ. ಯೂ ಕೇಮ್," ಎಂದು ನನ್ನ ಬೆನ್ನು ತಟ್ಟಿದಳು.

ತಡವಾಗಿ ಬಂದವರಿಗೆ ಸಮಾಧಾನ ಹೇಳುವುದು ಅವಳಿಗೆ ಆಗಲೇ ರೂಢಿಯಾಗಿತ್ತು. ಹದಿನಾರರ ಹುಡುಗಿ. ನನಗೆ ಅವಳೆದುರು ನಿಲ್ಲಲಾಗಲಿಲ್ಲ. ಡ್ರೈಯರು ನಿಂತು ಬಹಳ ಹೊತ್ತಾಗಿತ್ತು. ಬಟ್ಟೆ ಮಡಚಲು ಒಳಗೆ ಹೋದೆ.